ಬಾಗಿಲ ಕಪ್ಪು

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ನಿನ್ನ ಕೋಪ ಇಲ್ಲಿಗೆ ಬಂದು ತಲುಪಿದೆ. "ಅಕ್ಕಾ, ಒಂದು ಫೋಟೋ ಪ್ರಿಂಟ್ ಹಾಕ್ಸೋಕೆ ಎಷ್ಟು ತಿಂಗಳು ಬೇಕು? ಮಗು ಹೆರೋದೇ ಇದಕ್ಕಿಂತ ಬೇಗ ಆಗತ್ತೆ" ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆಗ ನಾನು ನಕ್ಕು ಸುಮ್ಮನಾದೆ. ಉತ್ತರ ಇರಲಿಲ್ಲವೆಂದಲ್ಲ, ಉದ್ದವಾಗಿತ್ತು. ಫೋನಿನಲ್ಲಿ ಉದ್ದದ ಉತ್ತರ ಕೇಳುವ ತಾಳ್ಮೆ ನಿನಗೆ ಯಾವತ್ತೂ ಇಲ್ಲ. ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಅತ್ತೆಯ ಮಂಡಿಯೊಂದನ್ನು ಬಿಟ್ಟು. ಅವರ ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ನಿಮ್ಮ ಭಾವನಿಗೆ ಕಚೇರಿಯಲ್ಲಿ ಕೆಲಸ ಕಡಿಮೆಯಾಗಿರಬೇಕು, ಮನೆಯಲ್ಲಿ ಸಲಹೆ ಹೆಚ್ಚಾಗಿದೆ. ನಾನು ಎಂದಿನಂತೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಬಂದವರಿಗೆಲ್ಲ "ಉಸಿರು ಹಿಡ್ಕೊಳ್ಳಿ" ಎನ್ನುತ್ತ, ಅವರು ಹಿಡಿದಾಗ ನಾನೂ ಹಿಡಿಯುತ್ತ ಇದ್ದೇನೆ. ಇಷ್ಟು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದೆ. ಫೋಟೋ ಬಂದಿದೆ. ನಾನೇ ಆರಿಸಿ ತಂದ ಪ್ರಿಂಟರಿನಲ್ಲಿ, ನಮ್ಮ ಊಟದ ಮೇಜಿನ ಮೇಲೆ, ಅಪ್ಪ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ತೆಗೆಯುತ್ತಿದ್ದ ಪ್ರಿಂಟುಗಳಿಗಿಂತ ಒಂದು ಕೂದಲೆಳೆ ಮೇಲಾಗಿ ಬಂದಿದೆ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ನನಗೆ ಜಂಬಪಡುವ ಸಂದರ್ಭಗಳು ಬಂದದ್ದು ಕಡಿಮೆ, ಬಂದಾಗ ಬಿಡಬಾರದು.

ನೀನು ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹಳೆಯ ಪ್ರಿಂಟನ್ನು ಹುಳ ತಿಂದು ಚಿಕ್ಕಪ್ಪನ ಮುಖ ಜಾಲರಿಯಾಗಿತ್ತು. ನೀನು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಚಿತ್ರದಲ್ಲಿರುವುದು ನಮ್ಮ ಮನೆಯ ಮೆಟ್ಟಿಲು. ಮೇಲಿನ ಮೆಟ್ಟಿಲಿನ ತುದಿಯಲ್ಲಿ, ಕಟಕಟೆ ಹಿಡಿದುಕೊಂಡು ನಾನು. ಕೆಳಗೆ ಒಂದು ಪಕ್ಕ ಚಿಕ್ಕಮ್ಮ, ಇನ್ನೊಂದು ಪಕ್ಕ ಚಿಕ್ಕಪ್ಪ, ಮಧ್ಯೆ ಐದು ತುಂಬದ ನೀನು, ಕೈಯಲ್ಲಿ ತಿಂಡಿಯ ಡಬ್ಬಿ. ಹಿಂದೆ ತೆರೆದ ಬಾಗಿಲು, ಒಳಗೆಲ್ಲ ಕಪ್ಪು. ಮಕ್ಕಳಿಲ್ಲದ ಚಿಕ್ಕಮ್ಮ ನಿನ್ನನ್ನು ಸಾಕಿಕೊಳ್ಳಲು ಕರೆದುಕೊಂಡು ಹೋದ ದಿನ ಅದು. ತೆಗೆದವನು ಅಪ್ಪ.

"ನನ್ನ ಹೊಸ ಮನೆಯ ಮೆಟ್ಟಿಲ ಗೋಡೆಗೆ ಇದೇ ಬೇಕು ಅಕ್ಕ" ಎಂದೆ. "ಬಾಗಿಲು ಮಾತ್ರ ಚೆನ್ನಾಗಿ ಕಪ್ಪಗೆ ಬರ್ಲಿ. ಅಲ್ಲಿ ಯಾರೂ ಇರ್ಲಿಲ್ಲ ಅನ್ನೋದು ನೋಡಿದೋರಿಗೆ ಗೊತ್ತಾಗ್ಬೇಕು. ಹೆತ್ತ ಮಗಳನ್ನ ಕಳಿಸೋ ದಿನಾನೇ ದೊಡ್ಡಮ್ಮಂಗೆ ತಲೆನೋವು. ಮಲಗಿದ್ಲಂತೆ!"

ನೀನು ಅಮ್ಮನನ್ನು ದೊಡ್ಡಮ್ಮ ಎಂದಾಗ ನಾನು ಈಗಲೂ ಒಂದು ಕ್ಷಣ ಯಾರು ಎಂದು ಹುಡುಕುತ್ತೇನೆ. ಆಮೇಲೆ ನೀನು ಎಂದಿನ ಮಾತು ಆಡಿದೆ: "ನಿಂಗೇನು, ನಿನ್ನ ಇಟ್ಕೊಂಡ್ರು." ಆ ಮಾತಿಗೆ ನಾನು ಒಳ್ಳೆಯ ಕಪ್ಪು ಕೊಡುತ್ತೇನೆ ಎಂದಷ್ಟೇ ಮಾತು ಕೊಟ್ಟೆ.

ಒಳ್ಳೆಯ ಕಪ್ಪು ಎಷ್ಟು ಕಷ್ಟ ಎಂದು ಆಗ ನನಗೂ ಗೊತ್ತಿರಲಿಲ್ಲ. ಅಪ್ಪನ ನೆಗೆಟಿವ್ ಬಿಸ್ಕತ್ತಿನ ಡಬ್ಬಿಯಲ್ಲಿ ಕ್ಷೇಮವಾಗಿತ್ತು. ಸ್ಕ್ಯಾನ್ ಮಾಡಿಸಿ ಪೇಟೆಯ ಸ್ಟುಡಿಯೋಗೆ ಕೊಟ್ಟೆ. ಬಂದದ್ದು ಕಪ್ಪಲ್ಲ, ಬದನೆಕಾಯಿ. ಬಾಗಿಲೂ ಬದನೆಕಾಯಿ, ನನ್ನ ಜಡೆಯೂ ಬದನೆಕಾಯಿ. "ಮೇಡಂ, ಇದೇ ಬ್ಲಾಕ್ ಅಂಡ್ ವೈಟು. ಈಗೆಲ್ಲ ಹೀಗೇ ಬರೋದು" ಎಂದ ಸ್ಟುಡಿಯೋದವನು. ನಾನು ಅದನ್ನು ನಿನಗೆ ಕಳಿಸಲಿಲ್ಲ. ಕಳಿಸಿದ್ದರೆ ನೀನು ತೂಗುಹಾಕುತ್ತಿದ್ದೆ, ನಾನು ಬಂದಾಗಲೆಲ್ಲ ನಿನ್ನ ಮೆಟ್ಟಿಲನ್ನು ತಲೆ ತಗ್ಗಿಸಿ ಹತ್ತಬೇಕಾಗುತ್ತಿತ್ತು.

ನಾನೇ ಪ್ರಿಂಟರ್ ಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ನಡೆದ ಸಭೆಯನ್ನು ನೀನು ನೋಡಬೇಕಿತ್ತು. ನಿಮ್ಮ ಭಾವ ಅಷ್ಟರಲ್ಲಾಗಲೇ ಒಂದನ್ನು ಗೊತ್ತುಮಾಡಿಕೊಂಡಿದ್ದರು. "ಇದು ಸ್ಕ್ಯಾನ್ ಮಾಡತ್ತೆ, ಕಾಪಿ ತೆಗೆಯತ್ತೆ, ಫೋನಿಂದ್ಲೇ ಪ್ರಿಂಟ್ ಕೊಡ್ಬಹುದು. ಫೋಟೋನೂ ಬರತ್ತೆ" ಎಂದರು. ಆ "ಫೋಟೋನೂ" ನನಗೆ ಹಿಡಿಸಲಿಲ್ಲ. ಅತ್ತೆ ಮಂಡಿ ನೀವಿಕೊಳ್ಳುತ್ತ ಕೂತಲ್ಲಿಂದಲೇ ಕೇಳಿದರು:

"ಬಣ್ಣದ್ದು ಬೇಡ ಅಂತೀಯ, ಆಮೇಲೆ ಬಣ್ಣದ್ದಕ್ಕಿಂತ ಜಾಸ್ತಿ ಬೆಲೇದು ಬೇಕು ಅಂತೀಯ. ಹಾಲು ಬೇಡ ಅಂದ್ರೆ ಕಾಫಿ ಅಗ್ಗ ಆಗ್ಬೇಕಲ್ವಾ?"

"ಇದು ಹಾಗಲ್ಲ ಅತ್ತೆ."

"ನಿಂದು ಯಾವ್ದು ತಾನೆ ಹಾಗಿರತ್ತೆ?"

ಅಂಗಡಿಯಾಕೆ ಒಳ್ಳೆಯವಳು, ಮಾತು ಮಾತ್ರ ಪ್ರಿಂಟರಿಗಿಂತ ವೇಗ. ನಾವು ಒಳಗೆ ಕಾಲಿಡುವುದರೊಳಗೆ ಒಂದು ಗಿಳಿಯ ಚಿತ್ರ ಹೊರಗೆ ಬಂತು. "ಬಣ್ಣ ನೋಡಿ ಮೇಡಂ! ಇನ್ನೇನು ಹಾರಿಬಿಡತ್ತೆ!"

"ಗಿಳಿ ಬೇಡಮ್ಮ" ಎಂದೆ. "ಕಾಗೆ ಇದ್ರೆ ತೋರ್ಸು."

ಅವಳು ನಿಮ್ಮ ಭಾವನ ಮುಖ ನೋಡಿದಳು. ಅವರು ಛಾವಣಿ ನೋಡಿದರು.

ನಮ್ಮ ಫೋಟೋವನ್ನೇ ಹಾಕಿಸಿದೆ. ಮೊದಲ ಯಂತ್ರದಲ್ಲಿ ಒಂದು ಕಪ್ಪು, ಮೂರು ಬಣ್ಣ. ಟ್ಯೂಬ್‌ಲೈಟಿನ ಕೆಳಗೆ ಚಿತ್ರಕ್ಕೆ ಪಾಚಿ ಹಿಡಿದಂತಿತ್ತು. ಬೀದಿಗೆ ತಂದು ಬಿಸಿಲಿಗೆ ಹಿಡಿದರೆ ಅದೇ ಹಾಳೆ ಗುಲಾಬಿ. ಒಳಗೆ ಹೋದೆ, ಪಾಚಿ. ಹೊರಗೆ ಬಂದೆ, ಗುಲಾಬಿ. ಎದುರಿನ ಹೊಲಿಗೆ ಅಂಗಡಿಯವನು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡತೊಡಗಿದ. ಆ ಯಂತ್ರ ಬೂದುಬಣ್ಣವನ್ನು ಮೂರೂ ಬಣ್ಣ ಬೆರೆಸಿ ಮಾಡುತ್ತದೆ. ಅದು ಬಣ್ಣವಲ್ಲ, ರಾಜಿ. ಬೆಳಕು ಬದಲಾದರೆ ರಾಜಿ ಮುರಿದು ಬೀಳುತ್ತದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಚೆಲುವಾಗಿತ್ತು. ಆಳವಾದ ಕಪ್ಪು, ಕನ್ನಡಿಯಂಥ ಹೊಳಪು. ನಿಮ್ಮ ಭಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ನಾನು ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಅದರ ಮಾದರಿ ಚಿತ್ರವನ್ನು ಎತ್ತಿಕೊಂಡೆ. ಮೂಲೆಯಲ್ಲಿ ಬೆಲೆಯ ಚೀಟಿ ಅಂಟಿಸಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಚೀಟಿಯ ಕೆಳಗೆ ಕಪ್ಪು, ಸುತ್ತಲೂ ಕಂದು. ಬಿಸಿಲು ಉಳಿದದ್ದನ್ನೆಲ್ಲ ಕುಡಿದುಬಿಟ್ಟಿತ್ತು. ಅಂಗಡಿಯಾಕೆ "ಅಯ್ಯೋ, ಅದನ್ನ ಯಾಕೆ ಕಿತ್ತಿರಿ?" ಎಂದಳು, ಆಮೇಲೆ ತಾನೂ ಬಗ್ಗಿ ನೋಡಿದಳು. ನಿನ್ನ ಮೆಟ್ಟಿಲ ಗೋಡೆಗೆ ಮಧ್ಯಾಹ್ನವೆಲ್ಲ ಬಿಸಿಲು. ನೀನು ಕೇಳಿದ್ದು ಬಾಳಿಕೆ ಬರುವ ಕಪ್ಪು. ಅದನ್ನು ಅಲ್ಲೇ ಬಿಟ್ಟೆ.

ಮೂರನೆಯದು ಗೋದಾಮಿನಲ್ಲಿತ್ತು. ಕೇಳುವವರಿಲ್ಲವೆಂದು ಮೇಲೆ ಹಳೆಯ ಕ್ಯಾಲೆಂಡರುಗಳನ್ನು ಪೇರಿಸಿದ್ದಳು. ಅದರ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಬಿಸಿಲಿಗೆ ಬೇಗ ಸೋಲುವುದಿಲ್ಲ. ಹೊಳೆಯುವ ಕಾಗದಕ್ಕೊಂದು ಕಪ್ಪು, ಹೊಳೆಯದ್ದಕ್ಕೊಂದು ಕಪ್ಪು, ಅದಲ್ಲದೆ ಒಂದು ಗಾಢ ಬೂದು, ಒಂದು ತಿಳಿ ಬೂದು. ಬಣ್ಣಗಳೂ ಇವೆ, ನೆಂಟರ ಹಾಗೆ, ಕರೆದರೆ ಬರುತ್ತವೆ. ಹಾಳೆ ಹೊರಬಂತು. ಟ್ಯೂಬ್‌ಲೈಟಿನಲ್ಲಿ ಬೂದು. ಬೀದಿಗೆ ಓಡಿದೆ. ಬೂದು! ಹೊಲಿಗೆಯವನಿಗೂ ತೋರಿಸಿದೆ. ಅವನು ಬಟ್ಟೆ ನೋಡುವ ಹಾಗೆ ತಿರುಗಿಸಿ ನೋಡಿ, "ಬಣ್ಣ ಬಿಡಲ್ಲ ಬಿಡಿ" ಎಂದ. ನನಗೆ ಆಸ್ಪತ್ರೆಯಲ್ಲಿ ಯಾರೂ ಇಂಥ ಪ್ರಮಾಣಪತ್ರ ಕೊಟ್ಟಿಲ್ಲ.

"ಕಪ್ಪು ಬಿಳುಪಿಗೇ ನಾಲ್ಕು ಡಬ್ಬಿನಾ?" ಎಂದರು ನಿಮ್ಮ ಭಾವ, ದಾರಿಯುದ್ದಕ್ಕೂ. ಮನೆಗೆ ಬಂದು ತಾಯಿಗೆ ವರದಿ ಒಪ್ಪಿಸಿದರು. ಅತ್ತೆ ತಲೆ ಸವರಿಕೊಂಡು, "ನನ್ನ ಇಡೀ ತಲೆಗೆ ಒಂದೇ ಡಬ್ಬಿ ಸಾಕಾಗತ್ತೆ" ಎಂದರು.

ಅಂಗಡಿಯಾಕೆ ಒಂದು ಎಚ್ಚರಿಕೆ ಕೊಟ್ಟಿದ್ದಳು, ಆಗಾಗ ಏನಾದರೂ ಪ್ರಿಂಟ್ ಹಾಕುತ್ತಿರಬೇಕು, ಸುಮ್ಮನೆ ಬಿಟ್ಟರೆ ಇಂಕು ಒಣಗಿ ಅದರ ಬಾಯಿ ಕಟ್ಟಿಕೊಳ್ಳುತ್ತದೆ ಎಂದು. ಅದನ್ನು ಕೇಳಿ ಅತ್ತೆ, "ನಿಮ್ಮ ಮಾವನೂ ಹಾಗೇ ಇದ್ರು" ಎಂದರು. ಅಲ್ಲಿಂದೀಚೆಗೆ ಅವರಿಗೂ ಪ್ರಿಂಟರಿಗೂ ಸ್ನೇಹ. ದಿನಕ್ಕೊಮ್ಮೆ ಮುಚ್ಚಳ ತಟ್ಟಿ ಮಾತಾಡಿಸುತ್ತಾರೆ.

ಇನ್ನು ನನ್ನ ಮೂರ್ಖತನ ಕೇಳು. ಮೊದಲ ದಿನ ಕಾಗದದ ಪೊಟ್ಟಣ ಕೈಗೆತ್ತಿಕೊಂಡೆ. ಎದ್ದು ಹೋಗಿ ಕಿಟಕಿಯ ಪರದೆ ಎಳೆದೆ, ಬಾಗಿಲು ಮುಚ್ಚಿದೆ, ದೀಪ ಆರಿಸಿದೆ, ಆಮೇಲೆ ಪೊಟ್ಟಣ ಒಡೆದೆ. ಅಪ್ಪನ ಬಚ್ಚಲುಮನೆ, ಆಮೇಲೆ ಆಸ್ಪತ್ರೆಯ ಕತ್ತಲೆಕೋಣೆ. ಫೋಟೋ ಕಾಗದವಾಗಲಿ ಎಕ್ಸ್‌ರೇ ಫಿಲ್ಮಾಗಲಿ, ಬೆಳಕಿನಲ್ಲಿ ತೆರೆದರೆ ಹಾಳು ಎಂದು ಕೈಗಳು ಕಲಿತುಬಿಟ್ಟಿವೆ. ಈ ಕಾಗದಕ್ಕೆ ಬೆಳಕು ತಾಗಿದರೆ ಏನೂ ಆಗುವುದಿಲ್ಲ ಎಂದು ತಲೆಗೆ ಗೊತ್ತು, ಕೈಗೆ ಯಾರು ಹೇಳಬೇಕು? ಹೊರಗಿನಿಂದ ನಿಮ್ಮ ಭಾವ "ಕರೆಂಟ್ ಹೋಯ್ತಾ?" ಎಂದು ಕೂಗಿದರು. ನಾನು ಕತ್ತಲಲ್ಲೇ ಹಾಳೆ ತುರುಕಿ, ತಲೆಕೆಳಗಾಗಿ ತುರುಕಿ, ಬೆನ್ನಿನ ಮೇಲೆ ಪ್ರಿಂಟ್ ಹಾಕಿದೆ. ಇಂಕು ಹೀರದೆ ಚಿಕ್ಕಮ್ಮ, ಚಿಕ್ಕಪ್ಪ, ನೀನು ಎಲ್ಲರೂ ಒಂದೇ ಕೊಚ್ಚೆಯಾಗಿ ಹರಿದಿರಿ.

ಆದರೆ ಕೈಗೆ ಇನ್ನೊಂದು ನೆನಪೂ ಇತ್ತು. ಹಾಳೆಯ ಮೂಲೆಯನ್ನು ಒದ್ದೆ ತುಟಿಗೆ ಒತ್ತಿ ನೋಡುವುದು. ಅಂಟಿದರೆ ಅದು ಮುಖ, ಅಂಟದಿದ್ದರೆ ಬೆನ್ನು. ಅಪ್ಪ ಕತ್ತಲಲ್ಲಿ ಹೇಳಿಕೊಟ್ಟದ್ದು. ಈ ಕಾಗದಕ್ಕೂ ಅದು ನಡೆಯಿತು, ಪುಟ್ಟೀ! ನಾನು ಒಂದೊಂದೇ ಹಾಳೆ ತುಟಿಗೊತ್ತಿ ಜೋಡಿಸುತ್ತಿರುವಾಗ ಅತ್ತೆ ಬಾಗಿಲು ತೆರೆದರು. "ಲೋ, ಬಾರೋ ಇಲ್ಲಿ" ಎಂದು ಮಗನನ್ನು ಕೂಗಿದರು. "ನಿನ್ ಹೆಂಡ್ತಿ ಪೇಪರ್‌ಗೆ ಮುತ್ತು ಕೊಡ್ತಿದಾಳೆ. ನಿಂಗೆ ಯಾವಾಗ ಕೊಟ್ಟಿದ್ಲು ನೆನಪು ಮಾಡ್ಕೋ."

ಮುಂದಿನ ಹಾಳೆ ಸರಿಯಾಗಿ ಬಂತು. ಮೆಟ್ಟಿಲಿನ ಕಲ್ಲಿನ ಒರಟು, ಚಿಕ್ಕಮ್ಮನ ಕೊರಳ ಮಣಿ, ನಿನ್ನ ಡಬ್ಬಿಯ ಹೊಳಪು, ಎಲ್ಲ ಇತ್ತು. ಬಾಗಿಲು ಕಪ್ಪಗಿತ್ತು. ಯಾರಾದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ನನಗೆ ಮಾತ್ರ ಮೆಟ್ಟಿಲಿಗೂ ಕಪ್ಪು ಏರಿ ಒಂದು ಚೂರು ಭಾರವಾಯಿತು ಅನ್ನಿಸಿತು. ಬಾಗಿಲು ಕಪ್ಪಾಗಿಯೇ ಉಳಿದು ಮೆಟ್ಟಿಲು ಉಸಿರಾಡುವ ಹದ ಯಾವುದು? ಅಪ್ಪ ಮಾಡುತ್ತಿದ್ದಂತೆ ಪಟ್ಟಿ ತೆಗೆದೆ. ಒಂದೇ ಹಾಳೆಯಲ್ಲಿ ಬಾಗಿಲಿನ ಭಾಗವನ್ನಷ್ಟೇ ಸಾಲು ಪಟ್ಟಿಗಳಾಗಿ, ಒಂದಕ್ಕಿಂತ ಮುಂದಿನದು ಸ್ವಲ್ಪ ತಿಳಿ. ಕೊನೆಯ ಪಟ್ಟಿ ಎಸೆಯುವುದಕ್ಕೆಂದೇ ಇರುವುದು. ಎಲ್ಲಿಂದ ಕೆಡುತ್ತದೆ ಎಂದು ತಿಳಿದರೆ ತಾನೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು.

ಕೊನೆಯ ಪಟ್ಟಿಯಲ್ಲಿ ಯಾರೋ ನಿಂತಿದ್ದರು.

ಬಾಗಿಲಿನ ಚೌಕಟ್ಟಿನ ಮೇಲೆ ಬಿಳಿಯ ಕಲೆ ಇದೆಯಲ್ಲ, ಬಣ್ಣ ಎದ್ದು ಹೋಗಿದೆ ಎಂದು ನಾವಿಬ್ಬರೂ ಅಂದುಕೊಂಡದ್ದು. ಅದು ಬೆರಳುಗಳು. ಚೌಕಟ್ಟನ್ನು ಒಳಗಿನಿಂದ ಹಿಡಿದುಕೊಂಡಿವೆ. ಗೆಣ್ಣಿನವರೆಗೂ ಹಿಟ್ಟು ಮೆತ್ತಿದೆ. ಮೇಲೆ, ಕಪ್ಪಿಗಿಂತ ಒಂದೇ ಒಂದು ಮೆಟ್ಟಿಲು ತಿಳಿಯಾಗಿ, ಹಣೆ, ಒಂದು ಕೆನ್ನೆ, ಒಂದು ಕಣ್ಣು. ಉಳಿದದ್ದು ಬಾಗಿಲ ಮರೆಯಲ್ಲಿ.

ನಾನು ಯಾರನ್ನೂ ಕೂಗಲಿಲ್ಲ. ಒಂದು ನೆರಳನ್ನು ನಂಬುವ ಮೊದಲು ಇನ್ನೊಂದು ಸಲ ನೋಡು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಅಷ್ಟು ಭಾಗವನ್ನೇ ದೊಡ್ಡದು ಮಾಡಿ ಮತ್ತೆ ಹಾಕಿದೆ. ಬೂದು ಇಂಕುಗಳೆರಡೂ ಹೆಚ್ಚುಕಡಿಮೆ ಅದೊಂದು ಮುಖಕ್ಕಾಗಿಯೇ ತಯಾರಾದಂತೆ ದುಡಿದವು. ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಆ ಕೈಯ ಎಕ್ಸ್‌ರೇ ತೆಗೆದಿದ್ದೆ. "ಹಳೇ ಪೆಟ್ಟು ಬಿಡೇ, ಮದುವೆಗೆ ಮುಂಚಿಂದು" ಎಂದಿದ್ದಳು. ಮುಖ ಮರೆಯಬಹುದು, ಆ ಗೆಣ್ಣನ್ನು ನಾನು ಮರೆಯುವುದಿಲ್ಲ.

ಅತ್ತೆ ಬಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರಿಗೆ ನಮ್ಮ ಮನೆಯ ಕಥೆಯೆಲ್ಲ ಗೊತ್ತು. ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು: "ತಲೆನೋವು ಅಂತ ಮಲಗಿದ್ಲು ಅಂತಿದ್ರಲ್ಲ?"

"ಹ್ಞೂಂ."

"ತಲೆನೋವು ಅಂತ ಮಲಗಿದೋಳ ಕೈಗೆ ಹಿಟ್ಟು ಎಲ್ಲಿಂದ ಬಂತು?"

ನೀನೇ ಹೇಳುತ್ತಿದ್ದೆಯಲ್ಲ ಪುಟ್ಟೀ, ಆ ದಿನದ್ದು ಏನೂ ನೆನಪಿಲ್ಲ, ಡಬ್ಬಿ ಕೈ ಸುಡುತ್ತಿದ್ದದ್ದು ಮಾತ್ರ ನೆನಪಿದೆ ಎಂದು. ಫೋಟೋದಲ್ಲಿ ನೋಡು, ಫ್ರಾಕಿನ ಅಂಚಿನಲ್ಲಿ ಹಿಡಿದುಕೊಂಡಿದ್ದೀಯ. ಅದನ್ನು ಚಿಕ್ಕಮ್ಮ ಕಟ್ಟಿಸಿ ತಂದಿದ್ದಳೆಂದು ನೀನು ಅಂದುಕೊಂಡಿದ್ದೆ. ಚಿಕ್ಕಮ್ಮ ಅರ್ಧ ದಿನದ ಪ್ರಯಾಣ ಮಾಡಿ ಬಂದವಳು. ಅಷ್ಟು ದೂರ ಯಾವ ಡಬ್ಬಿಯೂ ಬಿಸಿಯಾಗಿರುವುದಿಲ್ಲ.

ಅಪ್ಪನ ಪ್ರಿಂಟಿನಲ್ಲಿ ಅಮ್ಮ ಯಾಕಿಲ್ಲ ಎಂದು ಯೋಚಿಸಿದೆ. ಆ ಕಾಲದ ಅಗ್ಗದ ಕಾಗದಕ್ಕೆ ಇಷ್ಟು ಹತ್ತಿರದ ಕಪ್ಪುಗಳನ್ನು ಬೇರೆ ಮಾಡುವ ಶಕ್ತಿ ಇರಲಿಲ್ಲವೋ, ಅಥವಾ ಅಪ್ಪನಿಗೇ ಇರಲಿಲ್ಲವೋ. ಎರಡಕ್ಕೂ ನೆಗೆಟಿವ್ ಒಂದೇ, ಯಾವುದು ನಿಜವೆಂದು ಅದು ಹೇಳುವುದಿಲ್ಲ. ಕೇಳೋಣವೆಂದರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಇಷ್ಟು ದಿನ ಆ ಬಾಗಿಲಲ್ಲಿ ಯಾರೂ ಇರಲಿಲ್ಲ ಎನ್ನುವುದಕ್ಕೆ ನೀನು ಸಾಕ್ಷಿ ಹಿಡಿದಿದ್ದೆ. ಸಾಕ್ಷಿ ಇದೇ ಫೋಟೋ. ಅದು ಈಗ ಹೇಳಿಕೆ ಬದಲಿಸಿದೆ.

ನಿಮ್ಮ ಭಾವ ಕೊನೆಗೆ ಪ್ರಿಂಟರಿನ ಮೇಲೆ ಕೈಯಿಟ್ಟು, "ನಾನು ಆರಿಸಿದ್ದು ತಂದಿದ್ರೆ ಇದು ಬರ್ತಿರ್ಲಿಲ್ಲ" ಎಂದರು. ಮದುವೆಯಾದಾಗಿನಿಂದ ಕಾಯುತ್ತಿದ್ದ ಮಾತು. ಬರೆದಿಟ್ಟುಕೋ, ಮುಂದೆ ಬೇಕಾಗುತ್ತದೆ.

ಎರಡು ಪ್ರಿಂಟು ಕಳಿಸುತ್ತಿದ್ದೇನೆ. ಒಂದು ನೀನು ಕೇಳಿದ್ದು. ಬಾಗಿಲು ಕಪ್ಪು, ಮೆಟ್ಟಿಲು ಹದವಾಗಿದೆ. ಚಿತ್ರವೆಂದು ನೋಡಿದರೆ ಅದೇ ಮೇಲು, ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪ್ರಿಂಟು ತೆಗೆದಿಲ್ಲ. ಇನ್ನೊಂದು ಎಸೆಯಬೇಕಾಗಿದ್ದ ಪಟ್ಟಿಯ ಹದದ್ದು. ಆಕಾಶ ಬಿಳಿಚಿದೆ, ಚಿಕ್ಕಪ್ಪನ ಅಂಗಿ ಕಾಗದದಲ್ಲಿ ಕರಗಿದೆ, ಆದರೆ ಬಾಗಿಲು ತೆರೆದಿದೆ. ಯಾವುದನ್ನು ತೂಗುಹಾಕುತ್ತೀಯೋ ನಿನಗೆ ಬಿಟ್ಟದ್ದು. ನಾನು ಬಂದಾಗ ಯಾವುದಿದ್ದರೂ ತಲೆಯೆತ್ತಿ ಮೆಟ್ಟಿಲು ಹತ್ತುತ್ತೇನೆ. ಮೇಲ್ಮೈ ಮುಟ್ಟಬೇಡ, ಗಾಜು ಹಾಕಿಸುವ ಮುನ್ನ ಒಂದೆರಡು ದಿನ ಗಾಳಿಗೆ ಬಿಡು.

ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ. ಹೊಸ ಮನೆಯಲ್ಲಿ ಬೆಳಕು ಧಾರಾಳವಾಗಿರಲಿ, ಆ ಮೆಟ್ಟಿಲನ್ನು ನೀನು ಮುದುಕಿಯಾಗುವವರೆಗೂ ಸರಸರ ಹತ್ತುವಂತಾಗಲಿ. ಅತ್ತೆಯೂ ಹರಸಿದ್ದಾರೆ, "ಮಂಡಿ ಮಾತ್ರ ನನ್ನ ಥರ ಆಗ್ದೆ ಇರ್ಲಿ" ಎಂದು ಸೇರಿಸಲು ಹೇಳಿದ್ದಾರೆ.

ಪ್ರೀತಿಯಿಂದ,
ನಿನ್ನ ಅಕ್ಕ

ಮರೆತಿದ್ದೆ: ಎರಡನೆಯ ಪ್ರಿಂಟನ್ನು ಭೂತಗನ್ನಡಿಯಲ್ಲಿ ನೋಡು. ಆ ಒಂದು ಕಣ್ಣಿನ ಬಿಳುಪು ಯಾವ ಕಡೆಗಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಅಮ್ಮ ನಿನ್ನನ್ನು ನೋಡುತ್ತಿದ್ದಾಳೆ. ಚಿಕ್ಕಮ್ಮನನ್ನಲ್ಲ, ಕ್ಯಾಮೆರಾವನ್ನೂ ಅಲ್ಲ. ಬಾಗಿಲಿಗೆ ನಿನಗಿಂತ ಹತ್ತಿರ, ಅವಳು ಆ ಹಿಟ್ಟಿನ ಕೈ ಚಾಚಿದ್ದರೆ ಜಡೆ ಸಿಗುವಷ್ಟು ಹತ್ತಿರ ನಾನು ನಿಂತಿದ್ದೇನೆ. ಇಟ್ಟುಕೊಂಡ ಮಕ್ಕಳನ್ನು ಬಾಗಿಲ ಮರೆಯಿಂದ ಯಾರೂ ನೋಡುವುದಿಲ್ಲ ಪುಟ್ಟೀ, ಹೇಗೂ ಒಳಗೆ ಬರುತ್ತಾರಲ್ಲ. ಆ ದಿನ ಮಾತ್ರವಲ್ಲ, ಆಮೇಲೆಯೂ ಅವಳು ನನ್ನ ಜಡೆ ಹೆಣೆಯುವಾಗ ಬೀದಿಯ ಕಡೆಗೇ ನೋಡುತ್ತಿದ್ದಳು. ಒಂದು ಹಾಳೆ ಉಳಿದಿತ್ತು. ಇನ್ನೂ ಒಂಚೂರು ತಿಳಿ ಮಾಡಿದರೆ ನೋಟ ನನ್ನ ಕಡೆಗೂ ಸ್ವಲ್ಪ ತಿರುಗಿದ್ದು ಕಾಣಬಹುದೇನೋ ಎಂದು ಹಾಕಿ ನೋಡಿದೆ. ಕಾಗದದ ಬಿಳುಪು ಬಂತು, ಅಷ್ಟೆ.